ಚಂದ್ರಸೂರ್ಯರಿರುವ ತನಕ ಒಂದು ಹಳ್ಳ

ಸುರಪುರ ಸೀಮೆಯ ಯೇವೂರಿನಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1077ರ ಶಾಸನವೊಂದಿದೆ. ಚಾಲುಕ್ಯರ ವಂಶಾವಳಿಯಿಂದಾಗಿ ಅದು ಇತಿಹಾಸಕಾರರಿಗೆ ಬಹಳ ಪರಿಚಿತ. ಆದರೆ ಭೂಮಿಯ ದಾಖಲೆಗಳನ್ನು ಓದುವ ನನ್ನಂಥವಳಿಗೆ ಇಂಥ ಶಾಸನಗಳಲ್ಲಿ ಮುಖ್ಯವಾಗುವುದು ರಾಜರ ಹೊಗಳಿಕೆಯೆಲ್ಲ ಮುಗಿದ ಮೇಲೆ ಬರುವ ಭಾಗ. ದತ್ತಿ ಶಾಸನಗಳ ಆ ಭಾಗ ಹೆಚ್ಚುಕಡಿಮೆ ಎಲ್ಲೆಡೆ ಒಂದೇ ಬಗೆ. ಭೂಮಿಯನ್ನು ಯಾರಿಗೆ, ಯಾತಕ್ಕೆ ಬಿಟ್ಟರು; ಅದರ ಗಡಿ ಯಾವ ಹಳ್ಳ, ಯಾವ ಮರಡಿ, ಯಾವ ನೆಟ್ಟ ಕಲ್ಲು; ಚಂದ್ರಸೂರ್ಯರಿರುವ ತನಕ ಇದು ನಡೆಯಲಿ ಎಂಬ ಮಾತು; ಕೆಡಿಸಿದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ.

ನಾವು ಇದನ್ನು ಭಕ್ತಿಯ ಭಾಷೆಯೆಂದು ದಾಟಿಹೋಗುತ್ತೇವೆ. ನನಗೆ ಇದು ಕಾನೂನಿನ ಭಾಷೆ ಅನಿಸುತ್ತದೆ. ಇಂದು ಬದುಕಿರುವವನು ಇನ್ನೂ ಹುಟ್ಟದವನನ್ನು ಒಂದು ಮಾತಿಗೆ ಕಟ್ಟಿಹಾಕುವುದು ಹೇಗೆ? ಪ್ರಶ್ನೆ ಅದೇ. ರಾಜ ಬದಲಾಗುತ್ತಾನೆ, ರಾಜ್ಯವೇ ಬದಲಾಗುತ್ತದೆ. ಅದಕ್ಕೇ ಮುಂದೆ ಬರುವ ಅರಸರನ್ನೆಲ್ಲ ಕೈಮುಗಿದು ಬೇಡುವ ಶ್ಲೋಕವೊಂದು ಶಾಸನದಿಂದ ಶಾಸನಕ್ಕೆ ನಡೆದುಬಂದಿದೆ. ದಾನವನ್ನು ಅದು ಕರೆಯುವುದು ಧರ್ಮದ ಸೇತು ಎಂದು. ಸೇತು ಎಂದರೆ ಸೇತುವೆ ಮಾತ್ರವಲ್ಲ, ಏರಿ, ಕಟ್ಟೆ ಎಂದೂ ಹೌದು.

ಕೆರೆಗಳ ವಿಷಯದಲ್ಲಿ ಈ ಕಟ್ಟು ಇನ್ನೂ ಸ್ಪಷ್ಟ. ಕೆರೆ ಕಟ್ಟಿಸಿದವರಿಗೆ, ಕಾಯುವವರಿಗೆ ಬಿಟ್ಟ ಭೂಮಿ ಕೆರೆಗೊಡಗಿ. ನೀರುಣ್ಣುವ ಗದ್ದೆಯ ಹುಟ್ಟುವಳಿಯಲ್ಲಿ ಅದರ ಆರೈಕೆಗೆ ತೆಗೆದಿಡುವ ಪಾಲು ಬಿತ್ತುವಟ್ಟ. ಹತ್ತರಲ್ಲೊಂದು ಪಾಲು ಕೊಟ್ಟರೆ ದಸವಂದ. ಇಲ್ಲಿ ಶಾಪಕ್ಕಿಂತ ಗಟ್ಟಿಯಾದದ್ದು ಪಾಲು. ಹೂಳೆತ್ತದಿದ್ದರೆ, ತೂಬು ಒಡೆದರೆ ಮೊದಲು ಒಣಗುವುದು ಕಾಯುವವನದೇ ಹೊಲ.

ಇದನ್ನು ಚಿನ್ನದ ಕಾಲವೆಂದು ಹಾಡಿ ಹೊಗಳಬೇಕಿಲ್ಲ. ಮಣ್ಣು ಹೊತ್ತವರ ಹೆಸರು ಕಲ್ಲಿನ ಮೇಲೆ ಬರುವುದು ಅಪರೂಪ. ಉಂಬಳಿ ಯಾರಿಗೆ ಸಿಗಬೇಕೆಂಬುದನ್ನು ಜಾತಿ, ಅಧಿಕಾರಗಳೇ ನಿರ್ಧರಿಸುತ್ತಿದ್ದವು. ಶಾಶ್ವತ ಎಂಬ ಮಾತು ಹಲವು ಸಲ ಅನ್ಯಾಯವನ್ನೂ ಶಾಶ್ವತ ಮಾಡಿತು.

ಸುರಪುರದ ಹತ್ತಿರದ ಬೋನಾಳ ಕೆರೆ ಇಂದು ಪಕ್ಷಿಧಾಮ. ನಾಯಕ ಅರಸರು ಕಟ್ಟಿಸಿದ ಈ ಕೆರೆಯನ್ನು 19ನೆಯ ಶತಮಾನದಲ್ಲಿ ದುರಸ್ತಿ ಮಾಡಿಸಿದವನು ಮೆಡೋಸ್ ಟೇಲರ್, ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನವನ್ನು ನೋಡಿಕೊಂಡ ಅಧಿಕಾರಿ. ಆ ರಾಜ 1858ರಲ್ಲಿ ತೀರಿಕೊಂಡ. ಸುರಪುರ ನಿಜಾಮನ ಪಾಲಾಯಿತು. ಆಳುವವರು ಮೂರು ಸಲ ಬದಲಾದರೂ ಕೆರೆ ಉಳಿಯಿತು. ಪ್ರತಿ ಸಲವೂ ಅದನ್ನು ಮತ್ತೆ ಕೈಗೆತ್ತಿಕೊಂಡವರಿದ್ದರು.

1949ರಲ್ಲಿ ಹೈದರಾಬಾದ್ ರಾಜ್ಯದ ಜಾಗೀರುಗಳು ರದ್ದಾದವು, ಮುಂದಿನ ದಶಕದಲ್ಲಿ ಇನಾಮುಗಳು. ಉಳುವವನಿಗೆ ನ್ಯಾಯ ಸಿಗಲು ಅದು ಆಗಲೇಬೇಕಿತ್ತು. ಆದರೆ ಭೂಮಿಗೆ ಅಂಟಿದ್ದ ಹಕ್ಕಿನ ಜೊತೆಗೆ ಹೊಣೆಯೂ ಕಳಚಿಬಿತ್ತು. ಹಕ್ಕು ರೈತನಿಗೆ ಬಂತು, ಹೊಣೆ ಇಲಾಖೆಗೆ ಹೋಯಿತು.

ಆಮೇಲೆ ಬಂದದ್ದು ನಾರಾಯಣಪುರದ ಅಣೆಕಟ್ಟು. 1982ರಲ್ಲಿ ಮುಗಿದ ಬಸವಸಾಗರ ಹತ್ತು ಕಿಲೋಮೀಟರಿಗೂ ಉದ್ದವಿದೆ. ಅದರ ಹಿನ್ನೀರು ಕೂಡಲಸಂಗಮದವರೆಗೆ ಹೋಗುತ್ತದೆ. ಬಸವಣ್ಣನ ಐಕ್ಯಮಂಟಪ ಮುಳುಗದಿರಲು ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಬೇಕಾಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಬರಡು ಹೊಲಗಳಿಗೆ ನೀರು ತಂದಿತು. ಅದನ್ನು ಮರೆತು ಮಾತಾಡಿದರೆ ತಪ್ಪಾಗುತ್ತದೆ. ಜೋಳ, ಹತ್ತಿಯಂಥ ಬೆಳೆಗಳಿಗೆಂದು ಬಂದ ನೀರಿನಲ್ಲಿ ಭತ್ತ ಬೆಳೆದು ಹಲವು ಹೊಲಗಳು ಸವಳು ಜವಳಾದದ್ದೂ ಅಷ್ಟೇ ನಿಜ. ಹೊಲದ ನೀರು ಬಸಿದುಹೋಗಬೇಕಾದ ಹಳ್ಳಗಳನ್ನು ಒತ್ತಿದಲ್ಲೆಲ್ಲ ಜವಳು ಇನ್ನಷ್ಟು ಬೇಗ ಏರುತ್ತದೆ.

ಈಗ ಆ ಹಳ್ಳಗಳನ್ನು ಕಾಯುವ ಕಾಗದ ಯಾವುದು? 1964ರ ಭೂಕಂದಾಯ ಕಾಯ್ದೆಯ 67ನೆಯ ಕಲಮಿನಂತೆ ಹಳ್ಳ, ನಾಲೆ, ಕೆರೆಗಳು ಸರ್ಕಾರದ ಆಸ್ತಿ. ಖಾಸಗಿ ಸರ್ವೆ ನಂಬರಿನೊಳಗೆ ಹರಿದರೆ ಪಹಣಿಯಲ್ಲಿ ಬಿ ಖರಾಬು. ಹೆಸರೇ ನೋಡಿ. ಊರಿನ ನೀರು ಹರಿಯುವ ದಾರಿಗೆ ದಾಖಲೆ ಇಟ್ಟ ಹೆಸರು ಖರಾಬು, ಅಂದರೆ ಕೆಟ್ಟದ್ದು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದವು. ರೈತರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆಯಿತು. ಜಮೀನು ಕೈಬದಲಾಗುವ ವೇಗ ಹೆಚ್ಚಿದಷ್ಟೂ ಹಳ್ಳದ ಗುರುತು ಬಲ್ಲವರು ಕಡಿಮೆಯಾಗುತ್ತಾರೆ.

ಅಮೆರಿಕದಲ್ಲಿ ಸಂರಕ್ಷಣಾ ಈಸ್‌ಮೆಂಟ್ ಎಂಬ ಒಪ್ಪಂದವಿದೆ. 1981ರಲ್ಲಿ ಅದಕ್ಕೊಂದು ಮಾದರಿ ಕಾಯ್ದೆಯೂ ಬಂತು. ಹೊಲ ರೈತನದೇ. ಉಳಬಹುದು, ಮಾರಬಹುದು, ಮಕ್ಕಳಿಗೆ ಕೊಡಬಹುದು. ನಿವೇಶನ ಮಾಡುವ, ತೊರೆಯನ್ನು ಮುಚ್ಚುವ ಹಕ್ಕನ್ನು ಮಾತ್ರ ಅವನು ಬಿಟ್ಟುಕೊಡುತ್ತಾನೆ. ಆ ಕಟ್ಟು ಮುಂದೆ ಕೊಳ್ಳುವ ಎಲ್ಲರಿಗೂ ಅನ್ವಯ. ಪಾಲಿಸಿದರೋ ಇಲ್ಲವೋ ಎಂದು ನೋಡಲು ಟ್ರಸ್ಟೋ ಸರ್ಕಾರಿ ಸಂಸ್ಥೆಯೋ ಇರುತ್ತದೆ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆ ಬಲ್ಲದ್ದು ಒಂದು ಹೊಲಕ್ಕೆ ಪಕ್ಕದ ಹೊಲದ ಮೇಲಿರುವ ಹಕ್ಕು: ದಾರಿ, ನೀರು, ಗಾಳಿ, ಬೆಳಕು. ಇಡೀ ಊರಿಗೆ, ಮುಂದಿನ ತಲೆಮಾರಿಗೆ ಒಂದು ಹಳ್ಳದ ಮೇಲಿರಬಹುದಾದ ಹಕ್ಕನ್ನು ಬರೆದಿಡಲು ಅಲ್ಲಿ ಜಾಗವಿಲ್ಲ.

ಶಾಸನಗಳನ್ನು ಓದುತ್ತ ನನಗೆ ಗಟ್ಟಿಯಾದ ಮಾತು ಇಷ್ಟು: ಶಾಶ್ವತವೆಂದು ಬರೆದ ಮಾತ್ರಕ್ಕೆ ಯಾವುದೂ ಶಾಶ್ವತವಾಗುವುದಿಲ್ಲ. ಗಡಿ ಗೊತ್ತಿರಬೇಕು, ಕಾಯುವವರಿರಬೇಕು, ಕಾಯುವವರಿಗೆ ಪಾಲಿರಬೇಕು. ಉಂಬಳಿಯ ಅಸಮಾನತೆಯನ್ನು ಕಳಚಿದ ನಾವು ಕೆರೆಗೊಡಗಿಯ ಈ ಲೆಕ್ಕವನ್ನೂ ಅದರ ಜೊತೆಗೇ ಎಸೆಯಬೇಕಿರಲಿಲ್ಲ. ಹಳ್ಳದ ದಂಡೆಯನ್ನು ಉಳದೆ ಬಿಡುವ ರೈತನಿಗೆ ವರ್ಷವರ್ಷ ಇಷ್ಟು ಎಂದು ಗ್ರಾಮ ಪಂಚಾಯಿತಿ ಕೊಡುವಂತಾದರೆ, ಆ ಕರಾರು ಪಹಣಿಯಲ್ಲಿ ದಾಖಲಾದರೆ, ಅದು ಅಮೆರಿಕದ ಸಾಲವೇನೂ ಆಗುವುದಿಲ್ಲ. ಸಾವಿರ ವರ್ಷದ ಹಿಂದೆ ಇದೇ ಭಾಷೆಯಲ್ಲಿ ಕಲ್ಲಿನ ಮೇಲೆ ಬರೆದದ್ದನ್ನು ಈ ಸಲ ಎಲ್ಲರ ಹೆಸರೂ ಸೇರಿಸಿ ಮತ್ತೆ ಬರೆದಂತೆ.