ಸಂಗನಕಲ್ಲಿನ ಕೊಡಲಿ ಮಾಡಿದವರು

ಹಳೆಯ ಬಣ್ಣದ ಗಾಜಿನ ಹೂದಾನಿ ಕೈಗೆ ಸಿಕ್ಕರೆ ತಿಳಿದವರು ಮೊದಲು ಮಗುಚಿ ತಳ ನೋಡುತ್ತಾರೆ. ಊದಿ ಮಾಡಿದ್ದಾದರೆ ಅಲ್ಲಿ ಸರಳಿನಿಂದ ಬಿಡಿಸಿದ ಒರಟು ಗುರುತು. ಅಚ್ಚಿನದಾದರೆ ಮೈಮೇಲೆ ಗೀಟು. ದುಬಾರಿ ಹೂದಾನಿಯಲ್ಲಿ ಆ ಗುರುತನ್ನೂ ಉಜ್ಜಿ ಅಳಿಸಿರುತ್ತಾರೆ. ಕಾರ್ಖಾನೆಯ ಹೆಸರಿದ್ದರೂ ಊದಿದವನ ಹೆಸರು ಇರುವುದು ಅಪರೂಪ.

ಬಳ್ಳಾರಿ ಪಕ್ಕದ ಸಂಗನಕಲ್ಲಿನ ಕಲ್ಲುಕೊಡಲಿಗಳದ್ದೂ ಇದೇ ಕಥೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1872ರಲ್ಲಿ ಈ ಭಾಗದ ನವಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅವರ ಸಂಗ್ರಹ 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಪೂರ್ತಿ ನಯಗೊಳಿಸಿದ ಕೊಡಲಿಯನ್ನು ಎಷ್ಟು ಹೊತ್ತು ನೋಡಿದರೂ ಮಾಡಿದವನ ಸುಳಿವಿಲ್ಲ. ಅವನು ಹಾಕಿದ ಪೆಟ್ಟುಗಳನ್ನೆಲ್ಲ ಮಸೆತ ನುಂಗಿಬಿಟ್ಟಿದೆ.

ಬಾಯಿ ಬಿಟ್ಟದ್ದು ಗುಡ್ಡದ ಮೇಲಿನ ಕಸ. ಹಿರೇಗುಡ್ಡದಲ್ಲಿ ಕಪ್ಪು ಡಾಲರೈಟ್ ಕಲ್ಲಿನ ಪಟ್ಟಿಯೊಂದು ಹಾದಿದೆ. ಅದರ ಆಸುಪಾಸಿನಲ್ಲಿ ರಾಶಿ ರಾಶಿ ಚಕ್ಕೆಗಳು, ಅರ್ಧಕ್ಕೆ ಕೈಬಿಟ್ಟ ಕೊಡಲಿಗಳು, ಮಸೆದು ಮಸೆದು ಗುಳಿಬಿದ್ದ ಬಂಡೆಗಳು. ಮೊದಲು ಕಲ್ಲನ್ನು ಒಡೆದು ಆಕಾರಕ್ಕೆ ತರುವುದು, ಆಮೇಲೆ ಕುಟ್ಟಿ ಉಬ್ಬುತಗ್ಗು ಇಳಿಸುವುದು, ಮಸೆಯುವುದು, ಕೊನೆಗೆ ಹೊಳಪು ಕೊಡುವುದು: ಕೆಲಸದ ಈ ಕ್ರಮವನ್ನು ಫೂಟ್ ಇಂಥ ಅರೆಬರೆ ಕೊಡಲಿಗಳಿಂದಲೇ ಓದಿಕೊಂಡರು. ನಡುವೆಯೇ ಮುರಿದ ಕೊಡಲಿಯನ್ನು ಎಸೆದವನು ಗೊಣಗಿಯೇ ಎಸೆದಿರಬೇಕು. ಯಾವ ಭಾಷೆಯಲ್ಲೋ! ಎಸೆದವಳು ಎಂದರೂ ಅಲ್ಲಗಳೆಯಲು ನಮ್ಮಲ್ಲಿ ಏನೂ ಇಲ್ಲ.

ಬಿ. ಸುಬ್ಬರಾವ್ ಇಲ್ಲಿ ಉತ್ಖನನ ಮಾಡಿ 1948ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳ ಮೇಲೆ ಪುಸ್ತಕ ಪ್ರಕಟಿಸಿದರು. ಮುಂದೆ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಚಕ್ಕೆಗಳನ್ನೂ ಲೆಕ್ಕಕ್ಕೆ ಹಿಡಿದರು. ಕ್ರಿ.ಪೂ. 1400-1200ರ ಸುಮಾರಿಗೆ ಕೊಡಲಿ ತಯಾರಿಕೆ ಇಲ್ಲಿ ದೊಡ್ಡ ಪ್ರಮಾಣಕ್ಕೆ ಏರಿತ್ತು ಎಂಬುದು ಗೊತ್ತಾಗಿದ್ದು ಹಾಗೆ. ಹೊಲಮನೆಯವರು ಬಿಡುವಿನಲ್ಲಿ ಮಾಡಿಕೊಂಡದ್ದಷ್ಟೇ ಅಲ್ಲ, ಕೈ ಪಳಗಿದ ಕುಶಲಿಗರೂ ಇದ್ದರು. ಹೆಸರು ಸಿಗಲಿಲ್ಲ, ಕಾರ್ಖಾನೆ ಸಿಕ್ಕಿತು.

ಆದರೆ ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡಗಳಿಗೆ ಕಲ್ಲುಗಣಿಗಾರಿಕೆ ಕೈ ಹಾಕಿತು. ಎತ್ತುಗಳ ಚಿತ್ರ ಕೆತ್ತಿದ ಬಂಡೆಗಳೂ ಹಾನಿಗೊಳಗಾದವೆಂದು ಬೋವಿನ್ 2004ರಲ್ಲೇ ಎಚ್ಚರಿಸಿದ್ದರು. ಬಳ್ಳಾರಿಯಲ್ಲಿ ಈಗ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಿದೆ, ಸಂತೋಷ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಅಲ್ಲಿಂದ ಗುಡ್ಡ ಹತ್ತಿದರೆ ಮಾತ್ರ ಕಾಲಿಗೆ ತಗುಲಿದ ಚಕ್ಕೆಯನ್ನು ಜೇಬಿಗೆ ಹಾಕಿಕೊಳ್ಳದೆ ಬಿದ್ದಲ್ಲೇ ಬಿಟ್ಟು ಬನ್ನಿ.