ಪಸ್ಕದ ರಾತ್ರಿ ಮತ್ತು ದೈವದಂಡನೆಯ ಪ್ರಶ್ನೆ

ಪಸ್ಕವು ಐಗುಪ್ತದ ದಾಸತ್ವದಿಂದ ಇಸ್ರಾಯೇಲರು ಬಿಡುಗಡೆ ಹೊಂದಿದ್ದನ್ನು ನೆನೆಯುವ ಯೆಹೂದ್ಯರ ಹಬ್ಬ. ಅದರ ಕಥೆ ಬೈಬಲಿನ ವಿಮೋಚನಕಾಂಡದ 12ನೆಯ ಅಧ್ಯಾಯದಲ್ಲಿದೆ. ದೇವರು ತಂದ ಒಂಬತ್ತು ಬಾಧೆಗಳಿಗೂ ಅಲ್ಲಿನ ಅರಸ ಫರೋಹನು ಮಣಿಯದಿದ್ದಾಗ ಐಗುಪ್ತದ ಚೊಚ್ಚಲು ಮಕ್ಕಳೆಲ್ಲ ಒಂದೇ ರಾತ್ರಿ ಸಾಯುತ್ತಾರೆ. ಬಲಿಕೊಟ್ಟ ಮರಿಯ ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದ ಮನೆಗಳನ್ನು ಮಾತ್ರ ಸಾವು ದಾಟಿಹೋಗುತ್ತದೆ.

ಈ ಆಚರಣೆಯ ಬೇರು ಕುರಿಗಾರರ ಬದುಕಿನಲ್ಲಿದೆ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ವಸಂತದಲ್ಲಿ ಹೊಸ ಮೇವಿನತ್ತ ಹೊರಡುವ ಮುನ್ನ ಮಂದಿಯ, ಹಿಂಡಿನ ರಕ್ಷಣೆಗಾಗಿ ಮರಿ ಬಲಿಕೊಡುವ ಪದ್ಧತಿ ಅದಾಗಿರಬೇಕು. ಮಳೆ, ಮೇವು ನೋಡಿ ಹಟ್ಟಿ ಬದಲಿಸುವ ಗೋಕಾಕ, ಹುಕ್ಕೇರಿ ಸೀಮೆಯ ಕುರುಬರನ್ನು ಕಂಡವರಿಗೆ ಈ ಊಹೆ ದೂರದ್ದೆನಿಸದು. ಜವೆ ಕೊಯ್ಲಿನ ಕಾಲದ ಹುಳಿಯಿಲ್ಲದ ರೊಟ್ಟಿಯ ಹಬ್ಬ ಬಳಿಕ ಇದರೊಡನೆ ಕೂಡಿಕೊಂಡಿತು. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ ಬಲಿ ನಿಂತು, ಹಬ್ಬ ಮನೆಯೂಟದ ಸುತ್ತ ನೆಲೆಗೊಂಡಿತು.

ಕಥೆಯ ಬಿಡುಗಡೆಗಿಂತ ಅದರ ದಂಡನೆಯೇ ಓದುಗರನ್ನು ಹೆಚ್ಚು ಕಾಡಿದೆ. ತಪ್ಪು ಫರೋಹನದು, ಸತ್ತವರಲ್ಲಿ ಬೀಸುವ ಕಲ್ಲಿನ ಮುಂದೆ ಕೂತ ದಾಸಿಯ ಮಗನೂ ಸೆರೆಮನೆಯ ಕೈದಿಯ ಮಗನೂ ಇದ್ದಾರೆ. ಇದು ಐಗುಪ್ತದ ದೇವತೆಗಳ ಮೇಲಿನ ತೀರ್ಪೆಂದು ಅದೇ ಅಧ್ಯಾಯದ 12ನೆಯ ವಚನ ಹೇಳುತ್ತದೆ. ಆದರೂ ಮಕ್ಕಳ ಸಾವಿಗೆ ಅದು ಸಮಾಧಾನವಾಗದು. ಇಸ್ರಾಯೇಲರ ಸಂಕಟ ಕಂಡು ಕೈದಿಗಳೂ ಹಿಗ್ಗಿದ್ದರೆಂದು 11ನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿ ವಿವರಿಸಿದ. ಮೂಲದಲ್ಲಿಲ್ಲದ ಕಾರಣವನ್ನು ಒದಗಿಸಬೇಕಾಯಿತೆಂಬುದೇ ಆ ವ್ಯಾಖ್ಯಾನಪರಂಪರೆಯ ಇಕ್ಕಟ್ಟನ್ನು ತೋರುತ್ತದೆ. ಕಥೆ ಹೇಳುವಂತೆ ಫರೋಹನ ಹೃದಯವನ್ನು ದೇವರೇ ಕಠಿಣಗೊಳಿಸಿದ್ದರೆ ಅವನು ಹೊಣೆಗಾರ ಹೇಗೆ ಎಂಬುದು ಇನ್ನೊಂದು ತೊಡಕು. ಪಶ್ಚಾತ್ತಾಪದ ಅವಕಾಶ ಕಳೆದುಕೊಂಡದ್ದೇ ಅವನ ಹಿಂದಿನ ಪಾಪಗಳಿಗೆ ಶಿಕ್ಷೆ ಎಂದು 12ನೆಯ ಶತಮಾನದ ಯೆಹೂದ್ಯ ತತ್ತ್ವಜ್ಞಾನಿ ಮೈಮೊನಿಡೀಸ್ ಉತ್ತರಿಸಿದ. ಮಕ್ಕಳ ಪ್ರಶ್ನೆಗೆ ಮರಳಿದರೆ, ತಂದೆಯ ಪಾಪವನ್ನು ಮಗ ಹೊರಬಾರದೆಂದು ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯ ಸಾರುತ್ತದೆ. ಹೀಗೆ ಒಂದೇ ಬೈಬಲಿನೊಳಗೆ ಎರಡು ದನಿಗಳಿವೆ.

ತರ್ಕ ತೀರಿಸಲಾಗದ್ದನ್ನು ಆಚರಣೆ ಹೊತ್ತುಕೊಂಡಿದೆ. ಪಸ್ಕದ ಊಟದಲ್ಲಿ ಬಾಧೆಗಳ ಹೆಸರು ಹೇಳುತ್ತ ಬಟ್ಟಲಿನಿಂದ ಹನಿಹನಿಯಾಗಿ ದ್ರಾಕ್ಷಾರಸ ತೆಗೆಯುತ್ತಾರೆ. ಶತ್ರುವಿನ ಸಾವಿನಿಂದ ಸಂತೋಷ ತುಂಬಿರಬಾರದು ಎಂಬುದು ಅದಕ್ಕೆ ಪ್ರಚಲಿತವಿರುವ ವಿವರಣೆ. ಚೊಚ್ಚಲು ಗಂಡುಮಕ್ಕಳು ಹಬ್ಬದ ಮುನ್ನಾದಿನ ಉಪವಾಸವಿರುವುದೂ ರೂಢಿ. ಘಟ್ಟದಾಚೆ ಕೊಂಕಣದ ಬೆನೆ ಇಸ್ರಾಯೇಲ್ ಯೆಹೂದ್ಯರಲ್ಲಿ ರಕ್ತದಲ್ಲದ್ದಿದ ಅಂಗೈಯ ಗುರುತನ್ನು ಕಾಗದದ ಮೇಲೊತ್ತಿ ಬಾಗಿಲ ಮೇಲೆ ತೂಗಹಾಕುವ ಪದ್ಧತಿ ದಾಖಲಾಗಿದೆ.

ಕನ್ನಡಕ್ಕೆ ಈ ಕಥೆ ಬಂದದ್ದು ಮಿಷನರಿಗಳ ಮೂಲಕ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. ಅಲ್ಲಿ ಸಿದ್ಧವಾದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಹೊರಬಂತು. ಅದೇ ಸೊಸೈಟಿಯ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೇಂದ್ರ ತೆರೆದ. 1904ರಲ್ಲಿ ಅದು ಅಮೆರಿಕದ ಮೆಥೊಡಿಸ್ಟರ ಕೈಸೇರಿತು. ಮಿಷನರಿಗಳ ಬೋಧನೆಯಲ್ಲಿ ಪಸ್ಕದ ಮರಿ ಯೇಸುವಿನ ಸಂಕೇತವಾಗಿತ್ತು. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯವೇ ಅದಕ್ಕೆ ಆಧಾರ. ದಂಡನೆಯನ್ನು ಇನ್ನೊಬ್ಬರ ಮಕ್ಕಳ ಬದಲು ದೇವರ ಮಗನೇ ಹೊತ್ತನೆಂಬ ಈ ಓದು ಪ್ರಶ್ನೆಯ ದಿಕ್ಕನ್ನೇ ಬದಲಿಸಿತು; ಐಗುಪ್ತದ ಮಕ್ಕಳು ಮಾತ್ರ ಅದರಲ್ಲಿ ಹಿನ್ನೆಲೆಗೆ ಸರಿದರು.

1953ರಲ್ಲಿ ಸ್ಥಾಪಿತವಾದ ಬೆಳಗಾವಿ ಧರ್ಮಪ್ರಾಂತ್ಯವೂ ಸೇರಿದಂತೆ ಕಥೋಲಿಕ ಚರ್ಚುಗಳಲ್ಲಿ ಪವಿತ್ರ ಗುರುವಾರದ ಸಂಜೆಯ ಮೊದಲ ಪಾಠ ಇದೇ 12ನೆಯ ಅಧ್ಯಾಯದ್ದು. ಅದು 14ನೆಯ ವಚನಕ್ಕೆ ನಿಲ್ಲುತ್ತದೆ. ದಂಡನೆಯ ಎಚ್ಚರಿಕೆ ಅದರಲ್ಲಿ ಬರುತ್ತದೆ. ಕೈದಿಯ ಮಗ ಸಾಯುವ 29ನೆಯ ವಚನವಾಗಲಿ, ಐಗುಪ್ತದಲ್ಲಿ ಗೋಳೆದ್ದ 30ನೆಯ ವಚನವಾಗಲಿ ಬರುವುದಿಲ್ಲ.