ಚಂದಾಪುರ ಸೀಮೆ: ಊರವರನ್ನು ಕೇಳಿ ಯೋಜನೆ ಬರೆದ ಬಗೆ

ಕಲಬುರಗಿ ಜಿಲ್ಲೆಯ ಪೂರ್ವ ಭಾಗದಲ್ಲಿ, ತೆಲಂಗಾಣದ ಗಡಿಗೆ ಹತ್ತಿರ, ಮುಲ್ಲಾಮಾರಿ ನದಿಯ ಒಂದು ಬದಿಗೆ ಚಿಂಚೋಳಿ, ಇನ್ನೊಂದು ಬದಿಗೆ ಚಂದಾಪುರ ಇವೆ. ಎರಡೂ ಸೇರಿ ಅವಳಿ ಊರು. ಎರಡಕ್ಕೂ ಒಂದೇ ಪುರಸಭೆ. ತಾಲ್ಲೂಕಿನ ಹಲವು ಸರ್ಕಾರಿ ಕಚೇರಿಗಳು ಚಂದಾಪುರದಲ್ಲಿರುವುದರಿಂದ ಪಹಣಿ, ಪಿಂಚಣಿ, ಪಡಿತರ ಚೀಟಿ ಮುಂತಾದ ಕೆಲಸಗಳಿಗೆ ಸುತ್ತಲಿನ ಹಳ್ಳಿ ಮತ್ತು ಲಂಬಾಣಿ ತಾಂಡಾಗಳ ಜನ ಇಲ್ಲಿಗೆ ಬರುತ್ತಾರೆ. ಅವರ ಊರುಗಳ ಕ್ರಿಯಾಯೋಜನೆಗಳೂ ಪಂಚಾಯಿತಿಯಿಂದ ಹೊರಟು ತಾಲ್ಲೂಕು ಕಚೇರಿಗಳನ್ನು ಹಾದೇ ಮುಂದಕ್ಕೆ ಹೋಗುತ್ತವೆ.

ತಾಲ್ಲೂಕಿನ ನೆಲ ಒಂದೇ ಬಗೆಯದಲ್ಲ. ಬಯಲಿನಲ್ಲಿ ಕಪ್ಪು ಎರೆಮಣ್ಣು, ಕುಂಚಾವರಂ ಕಡೆ ಕೆಂಪು ಮಣ್ಣಿನ ಗುಡ್ಡ ಮತ್ತು ಕಾಡು. ಚಂದ್ರಂಪಳ್ಳಿ ಜಲಾಶಯ, ನಾಗರಾಳದ ಬಳಿಯ ಕೆಳದಂಡೆ ಮುಲ್ಲಾಮಾರಿ ಜಲಾಶಯ ಮತ್ತು ಎತ್ತಿಪೋತ ಜಲಪಾತ ಈ ತಾಲ್ಲೂಕಿನಲ್ಲಿವೆ. ಕಾಡಿನ 134.88 ಚದರ ಕಿ.ಮೀ. ಭಾಗ 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ಮುಖ್ಯ ಬೆಳೆ ತೊಗರಿ. ಹೆಸರು, ಉದ್ದು, ಕಡಲೆ, ಜೋಳ ಅದರ ಜೊತೆಗಿನವು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಜನರ ಬಾಯಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ನಾಲ್ಕೂ ಓಡಾಡುತ್ತವೆ. ಬಯಲಿನ ಊರು ಬೆಳೆಹಾನಿಯ ಮಾತೆತ್ತಿದರೆ, ಕಾಡಂಚಿನ ತಾಂಡಾ ಹಕ್ಕುಪತ್ರದ ಮಾತೆತ್ತುತ್ತದೆ. ಒಂದೇ ನಮೂನೆಯ ಯೋಜನೆ ಇಡೀ ತಾಲ್ಲೂಕಿಗೆ ಒಗ್ಗುವುದಿಲ್ಲ.

ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಹಳ್ಳಿಯ ಬೇಕು-ಬೇಡಗಳು ಸರ್ಕಾರಕ್ಕೆ ತಲುಪುತ್ತಿದ್ದುದು ಗೌಡ, ಕುಲಕರ್ಣಿಯರ ಮೂಲಕ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1959ರ ಕಾಯ್ದೆ ಗ್ರಾಮ ಪಂಚಾಯಿತಿಗಳನ್ನೂ ತಾಲ್ಲೂಕು ಬೋರ್ಡುಗಳನ್ನೂ ತಂದಿತಾದರೂ ಕೆಲಸಗಳ ಪಟ್ಟಿ ತಯಾರಾಗುತ್ತಿದ್ದುದು ಬಹುಮಟ್ಟಿಗೆ ಇಲಾಖೆಗಳಲ್ಲೇ. ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆ, 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಅಧಿಕಾರ ಕೊಟ್ಟಿತು. ಮತದಾರರೆಲ್ಲ ಸದಸ್ಯರಾಗಿರುವ ಗ್ರಾಮಸಭೆ ಆಗ ಕಾನೂನಿನ ಬಲ ಪಡೆಯಿತು.

ಊರವರನ್ನು ಕೇಳಿ ಯೋಜನೆ ಮಾಡುವ ಪದ್ಧತಿಯ ಒಂದು ಮುಖ್ಯ ಪ್ರಯೋಗ ಇದೇ ಜಿಲ್ಲೆಯಲ್ಲಿ ನಡೆದಿದೆ. 1980ರ ದಶಕದ ನಡುವಿನಲ್ಲಿ ಕರ್ನಾಟಕ ಸರ್ಕಾರ, ಸ್ವಿಸ್ ಅಭಿವೃದ್ಧಿ ಸಂಸ್ಥೆ ಮತ್ತು ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಕಮಲಾಪುರದ ಸುತ್ತ 'ಪಿಡೋ' ಎಂಬ ಜಲಾನಯನ ಯೋಜನೆಯನ್ನು ಕೈಗೆತ್ತಿಕೊಂಡವು. ಅಲ್ಲಿ ರೈತರೇ ನೆಲದ ಮೇಲೆ ಊರಿನ ನಕ್ಷೆ ಬರೆದರು. ರಂಗೋಲಿ ಪುಡಿಯಲ್ಲಿ ಹಳ್ಳ, ಕಲ್ಲುಗಳಿಂದ ಒಡ್ಡು, ಎಲೆಗಳಿಂದ ಗಿಡಮರ ತೋರಿಸಿ, ಮಣ್ಣು ಎಲ್ಲಿ ಕೊಚ್ಚಿಹೋಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸಿದರು. ಅಕ್ಷರ ಬಾರದವರೂ ನಕ್ಷೆಯ ತಪ್ಪು ಹಿಡಿದು ತಿದ್ದಬಲ್ಲವರಾದರು. ಸಹಭಾಗಿ ಗ್ರಾಮೀಣ ಸಮೀಕ್ಷೆ ಎಂದು ಮುಂದೆ ಹೆಸರಾದ ಈ ವಿಧಾನ ಭಾರತದಲ್ಲಿ ರೂಪ ಪಡೆದದ್ದರಲ್ಲಿ ಈ ಜಿಲ್ಲೆಯ ಅನುಭವಕ್ಕೂ ಪಾಲಿದೆ. ಹೊಲ-ಓಣಿಗಳನ್ನು ಒಟ್ಟಿಗೆ ನಡೆದು ನೋಡುವುದು ಮತ್ತು ನೆಲದ ನಕ್ಷೆ ಬರೆಯುವುದು ಇಂದಿನ ಪಂಚಾಯಿತಿ ಯೋಜನೆಯ ಮಾರ್ಗಸೂಚಿಗಳಲ್ಲೂ ಇವೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲ್ಬರ್ಗ (ಈಗ ಕಲಬುರಗಿ) ವಿಭಾಗದವು, ಚಿಂಚೋಳಿಯೂ ಅವುಗಳಲ್ಲೊಂದು. 2006ರಲ್ಲಿ ಆರಂಭವಾದ, ವಿಶ್ವಬ್ಯಾಂಕ್ ನೆರವಿನ ಗ್ರಾಮ ಸ್ವರಾಜ್ ಯೋಜನೆ ಈ 39 ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಿಗೆ ಹೆಚ್ಚಿನ ಅನುದಾನ ಒದಗಿಸಿತು. ಅದೇ ವರ್ಷದ ಫೆಬ್ರುವರಿ 2ರಂದು ಉದ್ಯೋಗ ಖಾತ್ರಿ ಮೊದಲ ಹಂತದಲ್ಲಿ ಜಾರಿಯಾದ ರಾಜ್ಯದ ಐದು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಇತ್ತು. ಸಂವಿಧಾನದ 371(ಜೆ) ವಿಧಿಯ ಆಧಾರದ ಮೇಲೆ 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾಯಿತು. 2019ರಿಂದ ಅದರ ಹೆಸರಿನಲ್ಲಿ 'ಹೈದರಾಬಾದ್ ಕರ್ನಾಟಕ' ಹೋಗಿ 'ಕಲ್ಯಾಣ ಕರ್ನಾಟಕ' ಬಂದಿದೆ. ಹಣದ ದಾರಿಗಳು ಹೆಚ್ಚಿದ ಮೇಲೆ ಯಾವ ಕೆಲಸ, ಎಲ್ಲಿ, ಮೊದಲು ಯಾವುದು ಎಂಬ ತೀರ್ಮಾನಕ್ಕೆ ತೂಕ ಬಂತು.

ಈಗಿನ ವ್ಯವಸ್ಥೆಗೆ ಆಧಾರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993. ಕ್ರಿಯಾಯೋಜನೆಯ ಮೊದಲ ಮೆಟ್ಟಿಲು ವಾರ್ಡ್ ಸಭೆ. ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿದರೆ ಕೋರಂ ಆಗುತ್ತದೆ. ಅಲ್ಲಿ ಬಂದ ಬೇಡಿಕೆಗಳು ಗ್ರಾಮಸಭೆಗೆ ಹೋಗುತ್ತವೆ. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಮಂದಿ ಸಾಕು. ಬಂದವರಲ್ಲಿ ಶೇ 30ರಷ್ಟು ಮಹಿಳೆಯರಿರಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಜನಸಂಖ್ಯೆಗೆ ತಕ್ಕಂತೆ ಇರಬೇಕು. ಆದ್ಯತೆಯ ಕ್ರಮ ಇಲ್ಲಿ ನಿರ್ಧಾರವಾಗುತ್ತದೆ.

ಸಭೆಯ ದಿನಕ್ಕೆ ಮೊದಲು ಡಂಗುರ ಹೊಡೆಸುವುದು, ಪಂಚಾಯಿತಿ ಕಟ್ಟಡ ಮತ್ತು ಗುಡಿಯ ಗೋಡೆಗೆ ನೋಟಿಸು ಅಂಟಿಸುವುದು ರೂಢಿ. ಈಚೆಗೆ ಕಸದ ಗಾಡಿಯ ಮೈಕು, ವಾಟ್ಸ್‌ಆ್ಯಪ್ ಗುಂಪು ಸೇರಿಕೊಂಡಿವೆ. ನೋಡಲ್ ಅಧಿಕಾರಿಯ ಎದುರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹಿಂದಿನ ಸಭೆಯ ಠರಾವು ಓದುತ್ತಾರೆ. ಬಳಿಕ ಒಬ್ಬೊಬ್ಬರೇ ಎದ್ದು ಹೇಳುತ್ತಾರೆ: ಕೊಳವೆಬಾವಿ ಬತ್ತಿದೆ, ಚರಂಡಿಯ ನೀರು ಓಣಿಗೆ ನುಗ್ಗುತ್ತಿದೆ, ಹೊಲದ ದಾರಿ ಮಳೆಗಾಲದಲ್ಲಿ ಕೆಸರಾಗಿ ಬಂಡಿ ಹೋಗುತ್ತಿಲ್ಲ, ಮಸಣಕ್ಕೆ ಜಾಗವಿಲ್ಲ. ಹೇಳಿದ್ದು ಠರಾವು ಪುಸ್ತಕದಲ್ಲಿ ಸರ್ವೆ ನಂಬರಿನ ಸಮೇತ ದಾಖಲಾದರೆ ಮಾತ್ರ ಮುಂದೆ ಅಂದಾಜು ಪಟ್ಟಿಯಾಗುತ್ತದೆ. ಸಹಿ ಮೊದಲು, ಬರಹ ಆಮೇಲೆ ಎಂಬ ಚಾಳಿ ಇರುವ ಕಡೆ ಬೇಡಿಕೆ ಅಲ್ಲೇ ಕಳೆದುಹೋಗುತ್ತದೆ. ಹಣದ ಮಿತಿಯೂ ಉಂಟು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಷ್ಟೇ ಸಭೆಯ ಇಷ್ಟದ ಕೆಲಸಕ್ಕೆ ಅವಕಾಶವಿತ್ತು. ಈ ಲೆಕ್ಕವನ್ನು ಸಭೆಯ ಆರಂಭದಲ್ಲೇ ತಿಳಿಸಿದ ಕಡೆ ಬೇಡಿಕೆಗಳು ಹದಕ್ಕೆ ಬರುತ್ತವೆ.

ಸಭೆಯ ಕಾಲವೂ ಹಾಜರಿಯನ್ನು ನಿರ್ಧರಿಸುತ್ತದೆ. 2018ರಿಂದ ದೇಶದಾದ್ಯಂತ ನಡೆಯುತ್ತಿರುವ ಯೋಜನಾ ಅಭಿಯಾನ ಗಾಂಧಿ ಜಯಂತಿಯಂದು ಶುರುವಾಗುತ್ತದೆ. ಈ ಸೀಮೆಯಲ್ಲಿ ಅದು ಕಡಲೆ, ಜೋಳದ ಬಿತ್ತನೆಯ ಹೊತ್ತು. ಡಿಸೆಂಬರ್ ಬಂತೆಂದರೆ ತೊಗರಿಯ ರಾಶಿ. ಸುಗ್ಗಿ ಮುಗಿದೊಡನೆ ಹಲವು ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ. ಹೊಲದಲ್ಲಿ ಕೂಲಿ ಸಿಗುವ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಯವರು, ಅದರಲ್ಲೂ ಹೆಂಗಸರು ಬರುವುದಿಲ್ಲ. ಬಂದವರ ಬೇಡಿಕೆಯೇ ಊರಿನ ಬೇಡಿಕೆಯಾಗಿ ಕಾಗದಕ್ಕೆ ಇಳಿಯುತ್ತದೆ. ಮಹಿಳಾ ಗ್ರಾಮಸಭೆ ಮತ್ತು ಮಕ್ಕಳ ಗ್ರಾಮಸಭೆಗಳು ಈ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಎಂಬಂಥ ಮಾತು ಅಲ್ಲಿ ಬೇಗ ಹೊರಬರುತ್ತದೆ.

ತಾಂಡಾಗಳ ಕಥೆ ಬೇರೆ. ನಾಯಕ ಮತ್ತು ಕಾರಭಾರಿಯ ಮುಂದೆ ಕೂತು ತೀರ್ಮಾನ ಮಾಡುವ ಪದ್ಧತಿ ಅಲ್ಲಿ ಮೊದಲಿನಿಂದ ಇದೆ. ಆದರೆ ಕಂದಾಯ ದಾಖಲೆಯಲ್ಲಿ ಬಹಳ ತಾಂಡಾಗಳಿಗೆ ಸ್ವಂತ ಹೆಸರೇ ಇರಲಿಲ್ಲ; ಮೂಲ ಹಳ್ಳಿಯ ಬಾಲವಾಗಿ ಉಳಿದಿದ್ದವು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಪ್ರಧಾನಿ ನರೇಂದ್ರ ಮೋದಿ 50 ಸಾವಿರಕ್ಕೂ ಹೆಚ್ಚು ಕುಟುಂಬಗಳ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. ಕಾಡಿನೊಳಗಿನ ಸಾಗುವಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಅನ್ವಯಿಸುತ್ತದೆ. ಹಕ್ಕಿನ ಅರ್ಜಿ ಮೊದಲು ಬರುವುದು ಗ್ರಾಮಸಭೆಯ ಮುಂದೆಯೇ. ಈ ಸಭೆಯ ಕೋರಂ ಬಿಗಿ: ಸದಸ್ಯರಲ್ಲಿ ಅರ್ಧದಷ್ಟು ಜನ, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು. ಲಂಬಾಣಿಗರು ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ ಸೇರಿದವರಾದ್ದರಿಂದ, ಪಂಗಡದವರಿಗಿಲ್ಲದ 75 ವರ್ಷಗಳ ವಾಸದ ಪುರಾವೆಯನ್ನು ಅವರು ಒದಗಿಸಬೇಕಾಗುತ್ತದೆ. ಹಿರಿಯರ ಹೇಳಿಕೆಯನ್ನೂ ಪುರಾವೆಯಾಗಿ ಕಾನೂನು ಒಪ್ಪುತ್ತದೆ.

ನಮೂನೆಯಲ್ಲಿ ಕಾಣದ ಸಂಕಟವೂ ಈ ತಾಲ್ಲೂಕಿಗೆ ಬಂದದ್ದುಂಟು. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವಾರದ ಸುತ್ತ ನೆಲ ಮತ್ತೆ ಮತ್ತೆ ಕಂಪಿಸಿತು. ಅನೇಕರು ಊರು ಬಿಟ್ಟರು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಪರಿಶೀಲಿಸಿದರು. ಊರವರು ಕೇಳಿದ್ದು ಮನೆಯ ಮುಂದೆಯೇ ಒಂದು ತಗಡಿನ ಶೆಡ್ಡು. ಕಲ್ಲು-ಮಣ್ಣಿನ ಮನೆಯೊಳಗೆ ಮಲಗಲು ಭಯ, ದನಕರು ಮತ್ತು ಕಾಳು ಬಿಟ್ಟು ದೂರ ಹೋಗಲೂ ಆಗದು ಎಂಬ ಸ್ಥಿತಿಗೆ ಅವರೇ ಕಂಡುಕೊಂಡ ದಾರಿ ಅದು.

ಚಂದಾಪುರ ಪುರಸಭೆಯ ವ್ಯಾಪ್ತಿಯಲ್ಲಿರುವ ಕಾರಣ ಅಲ್ಲಿನ ನಿವಾಸಿಗಳಿಗೆ ಗ್ರಾಮಸಭೆ ಇಲ್ಲ. ಅವರು ಹೇಳಬೇಕಾದದ್ದನ್ನು ಹೆಚ್ಚಾಗಿ ವಾರ್ಡಿನ ಪುರಸಭಾ ಸದಸ್ಯರ ಮೂಲಕ ಹೇಳಬೇಕು. ಹಳ್ಳಿ ಮತ್ತು ಪಟ್ಟಣದ ಯೋಜನೆಗಳನ್ನು ಒಂದುಗೂಡಿಸುವ ಹೊಣೆ ಸಂವಿಧಾನದ ಪ್ರಕಾರ ಜಿಲ್ಲಾ ಯೋಜನಾ ಸಮಿತಿಯದು. ಮುಲ್ಲಾಮಾರಿಯ ನೀರು, ದಡದ ಕಸ, ಪ್ರವಾಹದ ಎಚ್ಚರಿಕೆ ಇವು ಪಂಚಾಯಿತಿಯ ಗಡಿಗೂ ಪುರಸಭೆಯ ಗಡಿಗೂ ಸೇರಿದ ವಿಷಯಗಳಾದ್ದರಿಂದ ಈ ಹೊಂದಾಣಿಕೆ ಇಲ್ಲಿ ಹೆಚ್ಚು ಅಗತ್ಯ.

ಕಾಯ್ದೆ, ಅನುದಾನ, ಮಾರ್ಗಸೂಚಿಗಳಿಗೆ ಚಂದಾಪುರ ಸೀಮೆಯಲ್ಲಿ ಈಗ ಕೊರತೆಯಿಲ್ಲ. ಆದರೆ ಸಭೆ ತಾಂಡಾದ ಸೇವಾಲಾಲ್ ಗುಡಿಯ ಮುಂದೆ ನಡೆಯಬೇಕು. ಕೂಲಿ ಮುಗಿದ ಸಂಜೆ, ಜನ ಗುಳೆ ಹೊರಡುವ ಮೊದಲು, ಅವರಾಡುವ ಭಾಷೆಯಲ್ಲಿ ನಡೆಯಬೇಕು. ಹೇಳಿದ್ದನ್ನು ಅಲ್ಲೇ ಬರೆದು, ಅಲ್ಲೇ ಓದಿ ಹೇಳಿ, ಆಮೇಲೆ ಸಹಿ ಪಡೆಯಬೇಕು. ಇಷ್ಟಾದ ಕಡೆ ಮಾತ್ರ ಕ್ರಿಯಾಯೋಜನೆಯನ್ನು ಊರಿನದು ಎನ್ನಬಹುದು.